ಉಪ್ಪೋ, ಅಲ್ಲೋ

ಇಪ್ಪತ್ನಾಲ್ಕು ಬಾವಿಗಳ ತಟ್ಟೆ.
ಒಂದೊಂದು ಬಾವಿಯ ಬಾಯಿಗೆ ಗಾಜಿನ ಮುಚ್ಚಳ,
ಮುಚ್ಚಳಕ್ಕೆ ತಲೆಕೆಳಗಾಗಿ ಜೋತ ಒಂದು ಹನಿ.
ಹನಿಯೊಳಗೆ, ತೊಗರಿ ಕಾಳಿನಿಂದ ನಾನು
ಹನ್ನೊಂದು ದಿನ ಬಸಿದು, ತೊಳೆದು, ಸೋಸಿ ತೆಗೆದ
ಪ್ರೋಟೀನು. ಕಾಯಿಕೊರಕದ ಹೊಟ್ಟೆಯೊಳಗಿನ
ಕತ್ತರಿಗಳ ಬಾಯಿ ಕಟ್ಟುವಂಥದು.
ಹೇಗೆ ಕಟ್ಟುತ್ತದೆ, ಯಾವ ಮಡಿಕೆಯಿಂದ ಹಿಡಿಯುತ್ತದೆ,
ಹರಳಾಗುವ ತನಕ ಹೇಳುವುದಿಲ್ಲ.

ಮೂರನೆಯ ವರ್ಷ. ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರ:
ತಿಳಿ. ತಿಳಿ. ಕೆನೆ. ಕೆನೆ. ತಿಳಿ.
ಒಂದು ಎಳೆ; ನೋಡಿದರೆ ನನ್ನದೇ ಕೂದಲು. ತಿಳಿ.
ಜಗದೇವಿ ಮೇಡಂ ಹಾಳೆ ತಿರುವಿ,
"ಏನೂ ಇಲ್ಲ ಅಂತ ಬರೀಲಿಕ್ಕೆ ಕಲ್ತಿ,
ಅರ್ಧ ಪಿಎಚ್‌ಡಿ ಆಯ್ತು ನಿಂದು" ಅಂದರು.
ಉಳಿದರ್ಧ ಯಾವುದೆಂದು ನಾನು ಕೇಳಲಿಲ್ಲ.

ಪಕ್ಕದ ಮೇಜಿನ ಮಸ್ತಾನನ ಕೈ ಒದ್ದೆಯಾಗುವುದಿಲ್ಲ.
ಅವನ ಪ್ರೋಟೀನು ಕಂಪ್ಯೂಟರಿನ ಒಳಗೆ
ಮೂವತ್ತು ಸಾವಿರ ನೀರಿನ ಅಣುಗಳ ನಡುವೆ
ಸಂಜೆಯ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕಿಕೊಂಡವರಂತೆ
ಅತ್ತ ಇತ್ತ ಭುಜ ಕೊಡುತ್ತ ನಿಂತಿದೆ.
ಹದಿನಾರು ದಿನ ಓಡಿಸಿದರೆ ಅಲ್ಲಿ ಕಳೆಯುವುದು
ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲು.
"ತಹಶೀಲ ಕಚೇರಿಗಿಂತ ಜಲ್ದಿ ಅದ ಬಿಡು" ಅನ್ನುತ್ತಾನೆ.

ಮೇ ಹದಿನೇಳು. ಸಿ-ಐದನೆಯ ಬಾವಿಯಲ್ಲಿ ಒಂದು ಅಂಚು.
ಕೈಬರಹವಲ್ಲ, ಕೂದಲಲ್ಲ. ನೆಟ್ಟಗಿನ ಅಂಚು.
ಕೆಳಗಿನ ಬೆಳಕು ತಿರುಗಿಸಿದರೆ ನೀಲಿ,
ಇನ್ನಷ್ಟು ತಿರುಗಿಸಿದರೆ ಕಂದು, ಮತ್ತೆ ನೀಲಿ.
ಯಾರನ್ನಾದರೂ ಕೂಗಬೇಕೆನ್ನುವಷ್ಟರಲ್ಲಿ
ಕರೆಂಟು ಹೋಯಿತು.

ಹೊರಗೆ ನಲವತ್ನಾಲ್ಕು. ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಮಸ್ತಾನನ ಕೋಟಿಯ ಪಾಲು ಅರ್ಧಕ್ಕೇ ನಿಂತಿತು.
ಹದಿನೆಂಟು ಡಿಗ್ರಿಯ ನನ್ನ ಕೋಣೆ
ಇಪ್ಪತ್ತಾರು, ಇಪ್ಪತ್ತೊಂಬತ್ತು.
"ಹದಿನೆಂಟೇ ಬೇಕಾ ನಿನಗ?" ಅಂದ ಮಸ್ತಾನ.
"ಗಂಜಿನ ಹಿಂದ ನಮ್ಮ ಮಾಮುಂದು
ಬಾಳೆಕಾಯಿ ಹಣ್ಣು ಮಾಡೋ ರೂಮ್ ಅದ.
ಹಗಲೂ ರಾತ್ರಿ ಹದಿನೆಂಟು."

ಥರ್ಮಾಕೋಲ್ ಡಬ್ಬಿ ತೊಡೆಯ ಮೇಲೆ.
ಆಳಂದ ರಸ್ತೆಯ ಬಸ್ಸು. ಹನಿ ಬಿಸಿಯಾಗಬಾರದು,
ಅಲುಗಲೂಬಾರದು; ರಸ್ತೆಗೆ ಇದು ಗೊತ್ತಿಲ್ಲ.
ಪಕ್ಕದ ಸೀಟಿನ ಹೆಂಗಸು ಬಾಗಿ ನೋಡಿದಳು.
"ತತ್ತಿ ಏನವ್ವಾ?"
"ಹೂಂ ರೀ, ಹಂಗೇ."
"ಮರಿ ಆಗ್ತಾವ?"
"ಗೊತ್ತಿಲ್ರಿ."
ಆಮೇಲೆ ಹಂಪು ಬಂದಾಗಲೆಲ್ಲ
ತನ್ನದೂ ಒಂದು ಅಂಗೈ ಡಬ್ಬಿಯ ಕೆಳಗೆ ಕೊಟ್ಟಳು.
ಎಲ್ಲಿ ಇಳಿದಳೋ, ನೋಡಲಿಲ್ಲ.

ಮೂರು ರಾತ್ರಿ ನನ್ನ ತಟ್ಟೆ
ಹಸಿರು ಗೊನೆಗಳ ನಡುವೆ, ಕತ್ತಲಲ್ಲಿ.
ಅವು ಹಳದಿಯಾದವು. ಇದು ಏನಾಯಿತೋ.

"ಒಡಿ" ಅಂದರು ಮೇಡಂ.
"ಒಂದೇ ಒಂದು ಅದ ಮೇಡಂ."
"ಅದಕ್ಕೇ. ಉಪ್ಪಿನ ಹರಳೂ ಹಿಂಗೇ ಹೊಳೀತದ.
ಉಪ್ಪಿಗೆ ರೈಲು ಹತ್ತಿಸಿ ಎಕ್ಸ್-ರೇ ತೋರಿಸಿ ಬಂದೀನಿ ನಾನು,
ನಿನ್ನ ವಯಸ್ಸಿನಾಗ."

ಉಪ್ಪಾದರೆ ಟಕ್ ಅನ್ನುತ್ತದೆ. ಕಿವಿಗಲ್ಲ, ಬೆರಳಿಗೆ.
ಸೂಜಿ ಇಳಿಸಿದೆ. ಉಸಿರು ಹಿಡಿದು ಒತ್ತಿದೆ.

ಸಪ್ಪಳವಿಲ್ಲ.
ಬೇಳೆ ಬೆಂದಿದೆಯೋ ಎಂದು ಅವ್ವ
ಎರಡು ಬೆರಳಲ್ಲಿ ಹಿಸುಕಿ ನೋಡುವಾಗಿನಂತೆ
ಮೆತ್ತಗೆ, ಹುಡಿಹುಡಿಯಾಗಿ,
ಮೂರು ವರ್ಷ ಕಾದದ್ದು ಹನಿಯಲ್ಲಿ ಹರಡಿಹೋಯಿತು.

ಕನ್ನಡಿಯಿಂದ ಕಣ್ಣು ತೆಗೆಯದೆ ನಿಂತೆ.
"ಅಳ್ಲಕತ್ತಿಯೋ ನಗ್ಲಕತ್ತಿಯೋ?" ಅಂದ ಮಸ್ತಾನ.
ಅವನ ಮಾಮು ಕಳಿಸಿದ ಎರಡು ಡಜನ್ ಹಣ್ಣು
ಮೇಜಿನ ಮೇಲೆ ವಾಸನೆ ಬೀರುತ್ತಿತ್ತು.
ನೋಟ್‌ಬುಕ್ ಎಳೆದುಕೊಂಡೆ. ಸಿ-ಐದು: ಉಪ್ಪಲ್ಲ.
ಮತ್ತೆ ಕೈ ತೊಳೆದು,
ಅರ್ಧ ಕಿಲೋ ತೊಗರಿ ನೆನೆಹಾಕಿದೆ.